ಡೆಸ್ಕ್‌ಟಾಪ್‌ಗೆ ಯಾವ ಎಸ್‌ಎಂಪಿಎಸ್? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕರೆಂಟಿಗೆ ಹೊಂದುವ ಆಯ್ಕೆ

ಹೊಸ ಕಂಪ್ಯೂಟರ್ ಜೋಡಿಸಿಕೊಳ್ಳಲು ಹೊರಟವರು ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಗ್ರಾಫಿಕ್ಸ್ ಕಾರ್ಡ್ ಬೇಕೋ ಬೇಡವೋ ಎಂದು ನಾಲ್ಕು ಅಂಗಡಿ ಸುತ್ತಿ, ಗೊತ್ತಿದ್ದವರನ್ನೆಲ್ಲ ಕೇಳಿ ತೀರ್ಮಾನಿಸುತ್ತಾರೆ. ಎಸ್‌ಎಂಪಿಎಸ್ ಮಾತು ಬಂದಾಗ ಮಾತ್ರ ‘ಕ್ಯಾಬಿನೆಟ್ ಜೊತೆ ಬರುವುದೇ ಸಾಕು’ ಎಂದು ಮುಗಿಸಿಬಿಡುತ್ತಾರೆ. ಗೋಡೆಯ ಸಾಕೆಟ್‌ನಿಂದ ಬರುವ 230 ವೋಲ್ಟ್‌ನ ಎಸಿ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ನ ಡಿಸಿಯಾಗಿ ಬದಲಿಸಿ ಒಳಗಿನ ಪ್ರತಿಯೊಂದು ಭಾಗಕ್ಕೂ ಹಂಚುವುದು ಈ ಒಂದೇ ಪೆಟ್ಟಿಗೆ. ಇದು ಕೆಟ್ಟಾಗ ತಾನೊಂದೇ ಕೆಡುತ್ತದೆಯೋ, ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಕೆಡಿಸಿ ಹೋಗುತ್ತದೆಯೋ ಎಂಬುದು ಅದರ ಗುಣಮಟ್ಟಕ್ಕೆ ಬಿಟ್ಟ ವಿಷಯ.

ಅಂತರಜಾಲದಲ್ಲಿ ಸಿಗುವ ಬಹುಪಾಲು ವಿಮರ್ಶೆಗಳು ದಕ್ಷತೆ, ಫ್ಯಾನಿನ ಸದ್ದು, ಕೇಬಲ್‌ಗಳ ಅಂದ ಇವುಗಳಿಗೆ ಅಂಕ ಕೊಡುತ್ತವೆ. ಪ್ರಯೋಗಾಲಯದಲ್ಲಿ ವೋಲ್ಟೇಜ್ ಸ್ಥಿರವಾಗಿರುವುದರಿಂದ ಅಲ್ಲಿ ಆ ಅಂಕಗಳಿಗೆ ಅರ್ಥವಿದೆ. ನಮ್ಮ ಮೂರು ಜಿಲ್ಲೆಗಳಲ್ಲಿ ಪ್ರಶ್ನೆಯ ಕ್ರಮವೇ ಬೇರೆಯಾಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ: ಒಂದು ಎಸ್‌ಎಂಪಿಎಸ್ ಎಷ್ಟು ವ್ಯಾಟ್ ಕೊಡುತ್ತದೆ ಎಂದು ಕೇಳುವ ಮೊದಲು, ಅದು ಎಂತಹ ಕರೆಂಟನ್ನು ತಾಳಿಕೊಳ್ಳುತ್ತದೆ ಎಂದು ಕೇಳಬೇಕು.

ಮೊದಲು ನಮ್ಮ ಕರೆಂಟಿನ ಸ್ವಭಾವ

ವರ್ಷವಿಡೀ ಹರಿಯುವ ನದಿಯಿಲ್ಲದ ಈ ಭಾಗದಲ್ಲಿ ಕೃಷಿಯ ಭಾರವೆಲ್ಲ ಕೊಳವೆಬಾವಿಗಳ ಮೇಲೆ ಬಿದ್ದಿದೆ. ತ್ರೀ ಫೇಸ್ ಬಂದ ಕ್ಷಣ ಆಟೋ ಸ್ಟಾರ್ಟರ್ ಹಾಕಿದ ಮೋಟಾರುಗಳೆಲ್ಲ ಒಟ್ಟಿಗೇ ತಿರುಗಲು ತೊಡಗುತ್ತವೆ; ಆರಂಭದಲ್ಲಿ ಮೋಟಾರು ತನ್ನ ಸಾಮಾನ್ಯ ಪ್ರಮಾಣದ ಹಲವು ಪಟ್ಟು ಕರೆಂಟ್ ಎಳೆಯುವುದರಿಂದ, ಅದೇ ಮಾರ್ಗಕ್ಕೆ ಸೇರಿದ ಮನೆಗಳಲ್ಲಿ ಬಲ್ಬು ಮಂಕಾಗುತ್ತದೆ. ಪಂಪ್‌ಸೆಟ್ಟಿಗೂ ಮನೆಗೂ ಫೀಡರ್ (ವಿದ್ಯುತ್ ಮಾರ್ಗ) ಬೇರ್ಪಡಿಸಿದ ಊರುಗಳಲ್ಲಿ ಈ ಕಾಟ ಕಡಿಮೆಯಾಗಿದೆ, ಆದರೆ ಟಿ.ಸಿ.ಯಿಂದ (ಟ್ರಾನ್ಸ್‌ಫಾರ್ಮರ್) ದೂರದಲ್ಲಿರುವ ಕೊನೆಯ ಕಂಬದ ಮನೆಗಳಲ್ಲಿ ಸಂಜೆಯ ಹೊತ್ತು 180 ವೋಲ್ಟ್ ಆಸುಪಾಸಿನಲ್ಲೇ ದಿನ ದೂಡುವುದು ಅಪರೂಪವಲ್ಲ. ಪಾವಗಡದಲ್ಲಿ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅಲ್ಲಿನ ವಿದ್ಯುತ್ತು ಹೈ ಟೆನ್ಷನ್ ಗ್ರಿಡ್ಡಿಗೆ ಹೋಗುತ್ತದೆ. ಪಕ್ಕದ ಹಳ್ಳಿಯ ಕೊನೆಯ ಮನೆಯ ವೋಲ್ಟೇಜು ಅಲ್ಲಿಯ ತಂತಿ, ಟಿ.ಸಿ., ಜಾಯಿಂಟುಗಳ ಸ್ಥಿತಿಯನ್ನೇ ನೆಚ್ಚಿಕೊಂಡಿರುತ್ತದೆ.

ಇಲ್ಲಿ ಮೊದಲ ಹೋಲಿಕೆ ಆರಂಭವಾಗುತ್ತದೆ. ಎಸ್‌ಎಂಪಿಎಸ್‌ನ ಪಕ್ಕದಲ್ಲಿ ಅಂಟಿಸಿರುವ ಚೀಟಿಯಲ್ಲಿ ‘ಇನ್‌ಪುಟ್’ ಎಂಬ ಸಾಲನ್ನು ಓದಿ. ಕೆಲವದರಲ್ಲಿ 100–240 ವೋಲ್ಟ್ ಎಂದಿರುತ್ತದೆ, ಕೆಲವದರಲ್ಲಿ 200–240 ವೋಲ್ಟ್ ಎಂದಿರುತ್ತದೆ. ಒಂದೇ ಕಂಪನಿ ಒಂದೇ ಹೆಸರಿನಲ್ಲಿ ಎರಡೂ ಬಗೆಯನ್ನು ಮಾರುವುದುಂಟು. 230 ವೋಲ್ಟ್ ಬಳಸುವ ದೇಶಗಳಿಗೆಂದು ತಯಾರಾಗುವ ಎರಡನೆಯ ಬಗೆ ಸ್ವಲ್ಪ ಅಗ್ಗವಾಗಿರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಈ ವ್ಯತ್ಯಾಸ ಯಾರಿಗೂ ಗೊತ್ತಾಗದಿರಬಹುದು. ಶಿರಾ, ಮಧುಗಿರಿ, ಮುಳಬಾಗಿಲು, ಬಾಗೇಪಲ್ಲಿ ಕಡೆಯ ಹಳ್ಳಿಯಲ್ಲಿ ಮಾತ್ರ 100–240ರದ್ದನ್ನೇ ಕೊಳ್ಳಬೇಕು. ಅದರಲ್ಲಿರುವ ಪೂರ್ಣ ವ್ಯಾಪ್ತಿಯ ಆ್ಯಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಕರೆಕ್ಷನ್) ಸರ್ಕ್ಯೂಟು ಒಳಗೆ ಬಂದ ವೋಲ್ಟೇಜು ಏನೇ ಇರಲಿ, ಅದನ್ನು ಮೊದಲು 380ರಿಂದ 400 ವೋಲ್ಟ್‌ನ ಡಿಸಿಗೆ ಏರಿಸಿಕೊಂಡೇ ಮುಂದಿನ ಕೆಲಸ ಮಾಡುತ್ತದೆ. ಹೀಗಾಗಿ 170 ವೋಲ್ಟ್ ಅದಕ್ಕೆ ದೊಡ್ಡ ಸಮಸ್ಯೆಯೇ ಅಲ್ಲ. ಕರೆಂಟ್ ಸ್ವಲ್ಪ ಹೆಚ್ಚು ಎಳೆಯುತ್ತದೆ, ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ, ಅಷ್ಟೆ. ಇಂಥದ್ದಕ್ಕೆ ಪ್ರತ್ಯೇಕ ಸ್ಟೆಬಿಲೈಜರ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹಿಂಬದಿಯಲ್ಲಿ 115/230 ಎಂದು ಬರೆದ ಕೆಂಪು ಸ್ವಿಚ್ ಇರುವ ಎಸ್‌ಎಂಪಿಎಸ್ ಹಳೆಯ ವಿನ್ಯಾಸದ್ದು, ಅದರಲ್ಲಿ ಆ್ಯಕ್ಟಿವ್ ಪಿಎಫ್‌ಸಿ ಇರುವುದಿಲ್ಲ. ಆ ಸ್ವಿಚ್ಚನ್ನು ಮಕ್ಕಳು 115ಕ್ಕೆ ಸರಿಸಿ ಕರೆಂಟ್ ಕೊಟ್ಟರೆ ಕ್ಷಣಾರ್ಧದಲ್ಲಿ ಸುಟ್ಟುಹೋಗುತ್ತದೆ.

ಎರಡನೆಯ ಪ್ರಶ್ನೆ ಕರೆಂಟ್ ಹೋದ ಆ ಕಣ್ಣೆವೆಯ ಹೊತ್ತಿನದು. ಎಸ್‌ಎಂಪಿಎಸ್‌ನೊಳಗೆ ಹೆಬ್ಬೆರಳಿಗಿಂತ ದಪ್ಪನಾದ ಒಂದು ಕೆಪಾಸಿಟರ್ ಇರುತ್ತದೆ. ಮನೆಯ ಮೇಲಿನ ನೀರಿನ ತೊಟ್ಟಿಯ ಹಾಗೆ, ಹೊರಗಿನಿಂದ ಬರುವುದು ನಿಂತರೂ ಒಳಗಿನವರಿಗೆ ಸ್ವಲ್ಪ ಹೊತ್ತು ಒದಗಿಸುವುದು ಅದರ ಕೆಲಸ. ಡೆಸ್ಕ್‌ಟಾಪ್ ಬಿಡಿಭಾಗಗಳಿಗೆ ಇಂಟೆಲ್ 1995ರಲ್ಲಿ ರೂಪಿಸಿದ ಎಟಿಎಕ್ಸ್ ಮಾನದಂಡವು ಹಲವು ಪರಿಷ್ಕರಣೆಗಳನ್ನು ಕಂಡಿದ್ದು, ಪೂರ್ಣ ಭಾರದಲ್ಲಿ (ಲೋಡ್) ಸುಮಾರು 16 ಮಿಲಿಸೆಕೆಂಡು ತಾಳಬೇಕೆಂದು ಬಹುಕಾಲ ಕೇಳುತ್ತಿತ್ತು; ಆಮೇಲಿನ ಒಂದು ಪರಿಷ್ಕರಣೆ ಪೂರ್ಣ ಭಾರಕ್ಕೆ 12, ಶೇಕಡ 80ರ ಭಾರಕ್ಕೆ 17 ಮಿಲಿಸೆಕೆಂಡು ಎಂದು ಗೊತ್ತುಮಾಡಿತು. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತಕ್ಕೆ 20 ಮಿಲಿಸೆಕೆಂಡು ಬೇಕು ಎಂಬುದನ್ನು ನೆನೆದರೆ ಈ ಅವಧಿ ಎಷ್ಟು ಕಿರಿದೆಂದು ತಿಳಿಯುತ್ತದೆ. ಯುಪಿಎಸ್ ಬ್ಯಾಟರಿಗೆ ಬದಲಾಗಲು ತೆಗೆದುಕೊಳ್ಳುವ ಕೆಲವು ಮಿಲಿಸೆಕೆಂಡುಗಳನ್ನು ಈ ಕೆಪಾಸಿಟರೇ ದಾಟಿಸಬೇಕು. ಅಗ್ಗದ ಮಾಲಿನಲ್ಲಿ ಖರ್ಚು ಉಳಿಸಲು ಮೊದಲು ಕಿರಿದಾಗುವುದು ಇದೇ ಭಾಗವಾದ್ದರಿಂದ, ‘ಯುಪಿಎಸ್ ಇದ್ದರೂ ಕರೆಂಟ್ ಹೋದಾಗ ಸಿಸ್ಟಂ ರೀಸ್ಟಾರ್ಟ್ ಆಗುತ್ತದೆ’ ಎಂಬ ದೂರಿಗೆ ಎಷ್ಟೋ ಸಲ ಯುಪಿಎಸ್ ಕಾರಣವಲ್ಲ, ಎಸ್‌ಎಂಪಿಎಸ್ ಕಾರಣ.

ಭಾರ ಕಡಿಮೆಯಾದಷ್ಟೂ ಈ ತಾಳುವ ಅವಧಿ ಉದ್ದವಾಗುತ್ತದೆ. 550 ವ್ಯಾಟ್‌ನ ಎಸ್‌ಎಂಪಿಎಸ್ ಮೇಲೆ 250 ವ್ಯಾಟ್ ಭಾರವಿದ್ದರೆ ಅವಧಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಲೆಕ್ಕಕ್ಕಿಂತ ಸ್ವಲ್ಪ ದೊಡ್ಡದನ್ನು ಕೊಳ್ಳಬೇಕೆಂದು ನಮ್ಮ ಕಡೆಯವರಿಗೆ ನಾನು ಹೇಳುವುದಕ್ಕೆ ಇದೇ ಮುಖ್ಯ ಕಾರಣ.

ನಾಲ್ಕು ಬಗೆಗಳು, ಅಕ್ಕಪಕ್ಕದಲ್ಲಿ

ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್‌ನಿಂದ ಆರಂಭಿಸೋಣ. ಮೇಲೆ ದೊಡ್ಡದಾಗಿ 450 ವ್ಯಾಟ್ ಎಂದು ಬರೆದಿರುತ್ತದೆ. ಕೆಳಗಿನ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್‌ನ ಎದುರು 16 ಆಂಪಿಯರ್ ಎಂದಿದ್ದರೆ, ಗುಣಿಸಿ ನೋಡಿ: 192 ವ್ಯಾಟ್. ಇಂದಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ 12 ವೋಲ್ಟ್‌ನಿಂದಲೇ ನಡೆಯುವುದರಿಂದ ಅದರಲ್ಲಿ ನಿಜವಾಗಿ ಬಳಕೆಗೆ ಬರುವುದು ಆ 192 ಮಾತ್ರ. ಸರಿಯಾದ 450 ವ್ಯಾಟ್‌ನ ಘಟಕದಲ್ಲಿ ಇದೇ ಜಾಗದಲ್ಲಿ 36 ಅಥವಾ 37 ಆಂಪಿಯರ್ ಇರುತ್ತದೆ. ಕೈಯಲ್ಲಿ ಹಿಡಿದರೂ ವ್ಯತ್ಯಾಸ ಗೊತ್ತಾಗುತ್ತದೆ: ಕ್ಯಾಬಿನೆಟ್ ಜೊತೆ ಬಂದದ್ದರ ಜಾಲರಿಯ ಮೂಲಕ ಟಾರ್ಚ್ ಬಿಟ್ಟು ನೋಡಿದರೆ ಶಾಖ ಹೊರಹಾಕುವ ಹೀಟ್ ಸಿಂಕ್ ತೆಳುವಾದ ತಗಡಿನಷ್ಟಿರುತ್ತದೆ, ಒಳಬರುವ ವಿದ್ಯುತ್ತಿನ ಗದ್ದಲವನ್ನು ಸೋಸಬೇಕಾದ ಫಿಲ್ಟರ್ ಸುರುಳಿಗಳ ಜಾಗದಲ್ಲಿ ಬರಿಯ ತಂತಿಯ ತುಂಡು ಬೆಸೆದಿರುವುದೂ ಉಂಟು. ಇದನ್ನು ಯಾವ ಕೆಲಸಕ್ಕೂ ನಾನು ಶಿಫಾರಸು ಮಾಡುವುದಿಲ್ಲ. ಕ್ಯಾಬಿನೆಟ್ಟನ್ನು ಎಸ್‌ಎಂಪಿಎಸ್ ಇಲ್ಲದೆ ಕೊಡಿ ಎಂದು ಕೇಳಿದರೆ ಅಂಗಡಿಯವರು ಬೆಲೆ ಇಳಿಸಿಯೇ ಕೊಡುತ್ತಾರೆ.

ಅದರ ಮೇಲಿನದು ಹೆಸರಿರುವ ಕಂಪನಿಗಳ ಆರಂಭದ ಶ್ರೇಣಿ: ದಕ್ಷತೆಯನ್ನು ಅಳೆದು ಬಿಳಿ, ಬ್ರಾಂಜ್, ಗೋಲ್ಡ್ ಎಂದು ಕೊಡುವ 80 ಪ್ಲಸ್ ಗುರುತು ಇಲ್ಲದವು ಅಥವಾ ಬರಿಯ ಬಿಳಿ ಗುರುತಿನವು. ಬರೆದಷ್ಟು ವ್ಯಾಟ್ ಇವು ಕೊಡುತ್ತವೆ. ಆದರೆ ಇವುಗಳಲ್ಲಿ ಅನೇಕ ಹಳೆಯ ‘ಗ್ರೂಪ್ ರೆಗ್ಯುಲೇಶನ್’ ವಿನ್ಯಾಸದವು. 12 ವೋಲ್ಟ್ ಮತ್ತು 5 ವೋಲ್ಟ್ ಎರಡಕ್ಕೂ ಒಂದೇ ನಿಯಂತ್ರಣವಿರುವುದರಿಂದ, 12ರ ಮೇಲೆ ಭಾರ ಹೆಚ್ಚಿ 5ರ ಮೇಲೆ ಕಡಿಮೆಯಾದಾಗ ಒಂದು ಕುಗ್ಗುತ್ತದೆ, ಇನ್ನೊಂದು ಹಿಗ್ಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಚೇರಿ ಕಂಪ್ಯೂಟರಿಗೆ, ಮದುವೆ ಪತ್ರಿಕೆ ಅಚ್ಚು ಮಾಡುವ ಡಿಟಿಪಿ ಅಂಗಡಿಗೆ, ಗ್ರಾಮ ಒನ್ ಕೇಂದ್ರಕ್ಕೆ ಇಷ್ಟು ಸಾಕಾಗಬಹುದು, ಅದೂ 100–240ರ ಮಾದರಿಯಾಗಿದ್ದು ಮೂರು ವರ್ಷಕ್ಕೆ ಕಡಿಮೆಯಿಲ್ಲದ ವಾರಂಟಿ ಇದ್ದರೆ.

ಮೂರನೆಯದು 550 ಅಥವಾ 650 ವ್ಯಾಟ್‌ನ ಬ್ರಾಂಜ್ ಶ್ರೇಣಿ, ಡಿಸಿ-ಡಿಸಿ ವಿನ್ಯಾಸದ್ದು. ಇಲ್ಲಿ ಮೊದಲು 12 ವೋಲ್ಟ್ ಮಾತ್ರ ತಯಾರಾಗುತ್ತದೆ, ಆಮೇಲೆ ಅದರಿಂದ 5 ಮತ್ತು 3.3 ಪ್ರತ್ಯೇಕವಾಗಿ ಇಳಿಯುತ್ತವೆ; ಒಂದರ ಏರಿಳಿತ ಇನ್ನೊಂದನ್ನು ಬಾಧಿಸುವುದಿಲ್ಲ. ಚೀಟಿಯಲ್ಲಿ ಡಿಸಿ-ಡಿಸಿ ಎಂದು ಬರೆದಿಲ್ಲದಿದ್ದರೂ, 12 ವೋಲ್ಟ್‌ನ ಆಂಪಿಯರನ್ನು 12ರಿಂದ ಗುಣಿಸಿದಾಗ ಒಟ್ಟು ವ್ಯಾಟ್‌ಗೆ ಬಹುತೇಕ ಸಮ ಬಂದರೆ ಅದು ಈ ಬಗೆಯದೇ ಎಂದು ಊಹಿಸಬಹುದು. ಐದು ವರ್ಷದ ವಾರಂಟಿ ಈ ಶ್ರೇಣಿಯಲ್ಲಿ ಸಾಮಾನ್ಯ. ಸುಮಾರು ನಾಲ್ಕೈದು ಸಾವಿರ ರೂಪಾಯಿಗೆ ಸಿಗುವ ಇದೇ ನಮ್ಮ ಜಿಲ್ಲೆಗಳ ಹೆಚ್ಚಿನ ಮನೆಗಳಿಗೆ ಸರಿಯಾದ ಆಯ್ಕೆ.

ನಾಲ್ಕನೆಯದು ಗೋಲ್ಡ್ ಶ್ರೇಣಿಯ 750 ವ್ಯಾಟ್ ಮತ್ತು ಮೇಲಿನವು. ಒಳಗಿನ ಬಿಡಿಭಾಗಗಳು ಉತ್ತಮ, ವಾರಂಟಿ ಏಳರಿಂದ ಹತ್ತು ವರ್ಷ, ಬೆಲೆ ದುಪ್ಪಟ್ಟು. ಕರೆಂಟ್ ಬಿಲ್ಲಿನಲ್ಲಿ ಉಳಿಯುತ್ತದೆಂದು ಇದನ್ನು ಕೊಳ್ಳಲು ಹೇಳುವವರಿದ್ದಾರೆ, ಆ ಲೆಕ್ಕ ನಿಲ್ಲುವುದಿಲ್ಲ. 115 ವೋಲ್ಟ್‌ನ ಪರೀಕ್ಷೆಯಲ್ಲಿ ಅರ್ಧ ಭಾರಕ್ಕೆ ಬ್ರಾಂಜ್ ಶೇಕಡ 85, ಗೋಲ್ಡ್ ಶೇಕಡ 90 ದಕ್ಷತೆ ತೋರಬೇಕು. 200 ವ್ಯಾಟ್ ಭಾರವನ್ನು ದಿನಕ್ಕೆ 6 ಗಂಟೆ ನಡೆಸಿದರೆ ಎರಡಕ್ಕೂ ಇರುವ ವ್ಯತ್ಯಾಸ ಹದಿಮೂರು ವ್ಯಾಟ್, ಅಂದರೆ ವರ್ಷಕ್ಕೆ 28 ಯೂನಿಟ್ ಚಿಲ್ಲರೆ. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 200 ರೂಪಾಯಿ. ಗೃಹಜ್ಯೋತಿಯ ಮಿತಿಯೊಳಗಿರುವ ಮನೆಗೆ ಅದೂ ಕೈಗೆ ಸಿಗುವುದಿಲ್ಲ. ಗೋಲ್ಡ್ ಕೊಳ್ಳುವುದಿದ್ದರೆ ಬಾಳಿಕೆಗಾಗಿ, ದೊಡ್ಡ ಗ್ರಾಫಿಕ್ಸ್ ಕಾರ್ಡಿಗಾಗಿ ಕೊಳ್ಳಿ.

80 ಪ್ಲಸ್ ಗುರುತು ಏನನ್ನು ಹೇಳುವುದಿಲ್ಲ

2004ರಲ್ಲಿ ಆರಂಭವಾದ 80 ಪ್ಲಸ್ ಕಾರ್ಯಕ್ರಮ ಅಳೆಯುವುದು ಮುಖ್ಯವಾಗಿ ದಕ್ಷತೆಯನ್ನು, ಅದನ್ನೂ 23 ಡಿಗ್ರಿ ಆಸುಪಾಸಿನ ತಂಪಾದ ಕೋಣೆಯಲ್ಲಿ. ರಕ್ಷಣಾ ಸರ್ಕ್ಯೂಟುಗಳು ಸರಿಯಾಗಿ ಕೆಲಸ ಮಾಡುತ್ತವೆಯೇ, ಕೆಪಾಸಿಟರ್ ಎಷ್ಟು ವರ್ಷ ಬಾಳುತ್ತದೆ ಎಂಬುದರ ಬಗ್ಗೆ ಆ ಚಿನ್ನದ ಬಣ್ಣದ ಮುದ್ರೆ ಏನೂ ಹೇಳುವುದಿಲ್ಲ. ಗಿಗಾಬೈಟ್ ಕಂಪನಿಯ 750 ಮತ್ತು 850 ವ್ಯಾಟ್‌ನ ಎರಡು ಗೋಲ್ಡ್ ಮಾದರಿಗಳು ವಿಮರ್ಶಕರ ಅಧಿಕ ಭಾರದ ಪರೀಕ್ಷೆಯಲ್ಲಿ ಸಿಡಿದ ಸುದ್ದಿ ಹಬ್ಬಿದ ಮೇಲೆ, 2021ರ ಆಗಸ್ಟ್‌ನಲ್ಲಿ ಕಂಪನಿಯೇ ಹೇಳಿಕೆ ಕೊಟ್ಟು, ಅಧಿಕ ಭಾರದ ರಕ್ಷಣೆ ಜಾರಿಯಾಗುವ ಮಟ್ಟವನ್ನು ಶೇಕಡ 120–150ರಿಂದ 110–120ಕ್ಕೆ ಇಳಿಸಿ, ಹಳೆಯವನ್ನು ಬದಲಿಸಿಕೊಡುವುದಾಗಿ ಪ್ರಕಟಿಸಿತು. ಗುರುತು ಗೋಲ್ಡ್, ದಕ್ಷತೆಯೂ ಗೋಲ್ಡ್, ಎಡವಿದ್ದು ರಕ್ಷಣೆಯಲ್ಲಿ. ಆದ್ದರಿಂದ ಪೆಟ್ಟಿಗೆಯ ಮೇಲೆ ಅಧಿಕ ವೋಲ್ಟೇಜ್, ಕಡಿಮೆ ವೋಲ್ಟೇಜ್, ಅಧಿಕ ಕರೆಂಟ್, ಅಧಿಕ ಭಾರ, ಶಾರ್ಟ್ ಸರ್ಕ್ಯೂಟ್, ಅಧಿಕ ಶಾಖ ಇವಿಷ್ಟೂ ರಕ್ಷಣೆಗಳ ಹೆಸರಿದೆಯೇ ಎಂದು ನೋಡಿ, ಆಮೇಲೆ ಅದೇ ಮಾದರಿಯ ಬಿಚ್ಚಿ ನೋಡಿದ ವಿಮರ್ಶೆಯನ್ನು ಹುಡುಕಿ ಓದಿ. ಅಗ್ಗದವುಗಳಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಕೊನೆಯದು, ಶಾಖದ ರಕ್ಷಣೆ. ನಮಗೆ ಬೇಕಾದದ್ದೂ ಅದೇ.

ಏಕೆಂದರೆ ಏಪ್ರಿಲ್ ತಿಂಗಳಲ್ಲಿ ಶೀಟು ಹೊದಿಸಿದ ಅಂಗಡಿಯೊಳಗೆ ಕೋಣೆಯೇ ಸುಲಭವಾಗಿ 35 ಡಿಗ್ರಿ ದಾಟುತ್ತದೆ. ಕ್ಯಾಬಿನೆಟ್ ಒಳಗೆ ಇನ್ನೂ ಹೆಚ್ಚು. ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ನ ಆಯುಸ್ಸು ಶಾಖ 10 ಡಿಗ್ರಿ ಏರಿದಂತೆಲ್ಲ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಲೆಕ್ಕ. 85 ಡಿಗ್ರಿಗೆ ನಿಗದಿಯಾದ ಕೆಪಾಸಿಟರಿಗೂ 105 ಡಿಗ್ರಿಯದಕ್ಕೂ ಬೆಲೆಯಲ್ಲಿ ಇರುವ ಅಂತರ ಸಣ್ಣದು, ಬಾಳಿಕೆಯಲ್ಲಿ ದೊಡ್ಡದು. ಪೂರ್ಣ ವ್ಯಾಟ್ ಎಷ್ಟು ಶಾಖದಲ್ಲಿ ಸಿಗುತ್ತದೆ ಎಂಬುದನ್ನೂ ಕಂಪನಿಯ ವಿವರಪಟ್ಟಿಯಲ್ಲಿ ನೋಡಿ: 40 ಡಿಗ್ರಿ ಎಂದಿರುವುದಕ್ಕಿಂತ 50 ಡಿಗ್ರಿ ಎಂದಿರುವುದು ಮೇಲು. ಕ್ಯಾಬಿನೆಟ್‌ನ ಕೆಳಭಾಗದಲ್ಲಿ ಎಸ್‌ಎಂಪಿಎಸ್ ಕೂರಿಸುವ ವಿನ್ಯಾಸದಲ್ಲಿ ಫ್ಯಾನು ನೆಲದಿಂದ ಗಾಳಿ ಎಳೆಯುತ್ತದೆ. ರಸ್ತೆ ಬದಿಯ ಅಂಗಡಿಯಲ್ಲಿ, ರಾಗಿ ಒಕ್ಕಣೆ ನಡೆಯುವ ಊರಿನಲ್ಲಿ ಆ ಗಾಳಿಯ ಜೊತೆ ಬರುವ ದೂಳನ್ನು ತಡೆಯಲು ತೆಗೆದು ತೊಳೆಯಬಹುದಾದ ಜಾಲರಿ ಇರಲೇಬೇಕು.

ಎಷ್ಟು ವ್ಯಾಟ್

ಇದು ಅಂದುಕೊಂಡಷ್ಟು ಕಷ್ಟದ ಲೆಕ್ಕವಲ್ಲ. ಗ್ರಾಫಿಕ್ಸ್ ಕಾರ್ಡಿಲ್ಲದ ಕಂಪ್ಯೂಟರ್ 150 ವ್ಯಾಟ್ ದಾಟುವುದು ಅಪರೂಪ; 450 ವ್ಯಾಟ್‌ನದು ಧಾರಾಳ. ಎಂಜಿನಿಯರಿಂಗ್ ಓದುವ ವಿದ್ಯಾರ್ಥಿ ರೈಜನ್ 5 5600 ಎಕ್ಸ್ ಮತ್ತು ಆರ್‌ಟಿಎಕ್ಸ್ 4060 ಹಾಕಿಸಿಕೊಂಡರೆ, ಪ್ರೊಸೆಸರ್ 76, ಕಾರ್ಡ್ 115, ಉಳಿದದ್ದಕ್ಕೆ 50 ಸೇರಿ 240 ವ್ಯಾಟ್ ಆಸುಪಾಸು, 550 ಸಾಕು. ಮದುವೆ ವಿಡಿಯೋ ಎಡಿಟ್ ಮಾಡುವ ಸ್ಟುಡಿಯೋದವರು ಐ7 14700 ಕೆ ಜೊತೆ ಆರ್‌ಟಿಎಕ್ಸ್ 4070 ಹಾಕಿದರೆ ಮಾತ್ರ ಲೆಕ್ಕ ಏರುತ್ತದೆ: 253, 200, ಉಳಿದದ್ದಕ್ಕೆ 70, ಒಟ್ಟು 520ಕ್ಕೂ ಮೇಲೆ. ಅವರಿಗೆ 750 ವ್ಯಾಟ್‌ನ ಎಟಿಎಕ್ಸ್ 3.0 ಅಥವಾ 3.1 ಮಾದರಿ ಬೇಕು. ಹೊಸ ಗ್ರಾಫಿಕ್ಸ್ ಕಾರ್ಡುಗಳು ಅತ್ಯಲ್ಪ ಕಾಲ ತಮ್ಮ ನಿಗದಿಗಿಂತ ಬಹಳ ಹೆಚ್ಚು ಎಳೆಯುತ್ತವೆ, ಎಟಿಎಕ್ಸ್ 3.0 ಮಾನದಂಡದ ದೊಡ್ಡ ಘಟಕಗಳು 100 ಮೈಕ್ರೋಸೆಕೆಂಡುಗಳ ಮಟ್ಟಿಗೆ ತಮ್ಮ ಸಾಮರ್ಥ್ಯದ ಎರಡು ಪಟ್ಟನ್ನು ತಾಳುವಂತೆ ರೂಪುಗೊಂಡಿವೆ. ಇಂತಹ ಕಾರ್ಡಿಗೆ ಕರೆಂಟ್ ಕೊಡುವ 16 ಪಿನ್ನಿನ ಹೊಸ ಕನೆಕ್ಟರನ್ನು ಕೊನೆಯವರೆಗೂ ಒತ್ತಿ ಕೂರಿಸಬೇಕು. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳಲ್ಲಿ ಆ ಕನೆಕ್ಟರ್ ಕರಗಿದ ಪ್ರಕರಣಗಳಲ್ಲಿ ಅರೆಬರೆ ಕೂತದ್ದು ಒಂದು ಮುಖ್ಯ ಕಾರಣವಾಗಿ ಕಂಡುಬಂತು.

ಯುಪಿಎಸ್ ಮತ್ತು ಅರ್ಥಿಂಗ್

600 ವಿಎ ಯುಪಿಎಸ್ ಎಂದರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್. 1000 ವಿಎ ಎಂದರೆ 600 ವ್ಯಾಟ್. ಕಚೇರಿ ಕಂಪ್ಯೂಟರಿಗೆ ಮೊದಲನೆಯದು ಸಾಕು, ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎರಡನೆಯದಕ್ಕೆ ಹೋಗಿ. ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಲ್ಲಿ ನಡೆಯುವಾಗ ಮೆಟ್ಟಿಲು ಮೆಟ್ಟಿಲಾದ ಅಲೆಯನ್ನು ಕೊಡುತ್ತವೆ. ಆ್ಯಕ್ಟಿವ್ ಪಿಎಫ್‌ಸಿ ಇರುವ ಎಸ್‌ಎಂಪಿಎಸ್ ಭಾರದಲ್ಲಿದ್ದಾಗ ಕೆಲವು ಸಣ್ಣ ಯುಪಿಎಸ್‌ಗಳು ಅದನ್ನು ಹೊರಲಾರದೆ ಕೈಬಿಡುತ್ತವೆ. ಸ್ಟುಡಿಯೋದವರು ನಯವಾದ ಅಲೆ ಕೊಡುವ ಸೈನ್ ವೇವ್ ಯುಪಿಎಸ್ ಕೊಳ್ಳುವುದೇ ಒಳ್ಳೆಯದು. ಮನೆಯ ಇನ್ವರ್ಟರಿನಿಂದಲೇ ಕಂಪ್ಯೂಟರ್ ನಡೆಸುವವರು ಅದರ ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಇಡಬೇಕು, ಇಲ್ಲದಿದ್ದರೆ ಬದಲಾಗಲು ಹಿಡಿಯುವ ಸಮಯ ಎಸ್‌ಎಂಪಿಎಸ್ ತಾಳುವ ಅವಧಿಯನ್ನು ಮೀರುತ್ತದೆ. ಯುಪಿಎಸ್ ಮೋಡ್‌ನಲ್ಲಿ ವೋಲ್ಟೇಜು 180ರ ಆಸುಪಾಸಿಗೆ ಇಳಿದೊಡನೆ ಅದು ಬ್ಯಾಟರಿಗೆ ಹೊರಳುತ್ತದೆ ಎಂಬುದು ಲೋ ವೋಲ್ಟೇಜ್ ಇರುವ ಊರಿನವರಿಗೆ ತಿಳಿದಿರಲಿ.

ಇನ್ನು ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ, ಎಸ್‌ಎಂಪಿಎಸ್ ಬದಲಿಸಿದರೂ ನಿಲ್ಲಲಿಲ್ಲ ಎಂದು ಹೇಳುವವರು ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬಹಳ ಮಂದಿ. ಎಸ್‌ಎಂಪಿಎಸ್‌ನ ಫಿಲ್ಟರಿನಲ್ಲಿ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಲೋಹದ ಕವಚಕ್ಕೆ ಸೇರಿರುತ್ತವೆ. ಅರ್ಥ್ ತಂತಿ ನಿಜವಾಗಿ ಭೂಮಿಗೆ ತಲುಪಿದ್ದರೆ ಅವುಗಳ ಅತಿ ಸಣ್ಣ ಸೋರಿಕೆ ಅಲ್ಲಿಗೇ ಇಳಿದುಹೋಗುತ್ತದೆ. ತಲುಪದಿದ್ದರೆ ಕವಚ 230ರ ಅರ್ಧ, ಅಂದರೆ 115 ವೋಲ್ಟ್ ಆಸುಪಾಸಿನಲ್ಲಿ ತೇಲುತ್ತಿರುತ್ತದೆ. ಜುಮ್ಮೆನ್ನುವುದು ಅದೇ. ಗಮನಿಸಿ, ಫಿಲ್ಟರೇ ಇಲ್ಲದ ಕಳಪೆ ಘಟಕದಲ್ಲಿ ಈ ಜುಮ್ಮೆನ್ನುವಿಕೆ ಇರದಿರಬಹುದು. ಅದನ್ನು ಗುಣವೆಂದು ತಿಳಿಯಬಾರದು. ಬಂಡೆಯ ಮೇಲಿನ ತೆಳು ಮಣ್ಣಿನಲ್ಲಿ, ಬೇಸಗೆಯಲ್ಲಿ ಒಣಗಿದ ಗುಂಡಿಯಲ್ಲಿ ಅರ್ಥಿಂಗ್ ಹೆಸರಿಗಷ್ಟೇ ಉಳಿದಿರುತ್ತದೆ. ಎಲೆಕ್ಟ್ರಿಷಿಯನ್ ಒಬ್ಬರಿಂದ ಮಲ್ಟಿಮೀಟರ್ ಹಿಡಿಸಿ ಫೇಸ್–ಅರ್ಥ್ ನಡುವಿನ ವೋಲ್ಟೇಜು ಫೇಸ್–ನ್ಯೂಟ್ರಲ್ ನಡುವಿನದಕ್ಕೆ ಸಮವಾಗಿದೆಯೇ, ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟ್ ಒಳಗಿದೆಯೇ ನೋಡಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸರ್ಜ್ (ವೋಲ್ಟೇಜಿನ ದಿಢೀರ್ ಏರಿಕೆ) ರಕ್ಷಣೆಗೂ ಭೂಮಿಗಿಳಿಯುವ ಈ ದಾರಿ ಬೇಕು. ಸಿಡಿಲು ಹತ್ತಿರ ಬಂದಾಗ ಪ್ಲಗ್ಗನ್ನೂ ಇಂಟರ್ನೆಟ್ ಕೇಬಲನ್ನೂ ಕಿತ್ತಿಡುವುದಕ್ಕಿಂತ ದೊಡ್ಡ ರಕ್ಷಣೆ ಯಾವ ಬೆಲೆಯ ಎಸ್‌ಎಂಪಿಎಸ್‌ನಲ್ಲೂ ಇಲ್ಲ.

ಅಂಗಡಿಯಲ್ಲಿ

ಅಂಗಡಿಯವರು ದೊಡ್ಡ ಕನೆಕ್ಟರಿನ ಹಸಿರು ತಂತಿಯನ್ನೂ ಕಪ್ಪು ತಂತಿಯನ್ನೂ ಬಗ್ಗಿಸಿದ ಪಿನ್ನಿನಿಂದ ಜೋಡಿಸಿ, ಫ್ಯಾನ್ ತಿರುಗುವುದನ್ನು ತೋರಿಸಿ ‘ಚೆನ್ನಾಗಿದೆ ನೋಡಿ’ ಎನ್ನುತ್ತಾರೆ. ಘಟಕ ಆನ್ ಆಗುತ್ತದೆ ಎಂಬುದಕ್ಕಿಂತ ಹೆಚ್ಚಿನದನ್ನು ಅದು ಹೇಳುವುದಿಲ್ಲ. ಭಾರವಿಲ್ಲದಾಗ ಎಲ್ಲವೂ ಚೆನ್ನಾಗಿಯೇ ಇರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಾಲ್ಕು ನೂರು ಕಡಿಮೆಗೆ ಸಿಗುತ್ತದೆಂದು ಹೋಗುವವರು, ವಾರಂಟಿಗಾಗಿ ಮತ್ತೆ ಅಲ್ಲಿಗೇ ಹೋಗಬೇಕಾಗುತ್ತದೆಯೇ, ಕಂಪನಿಯ ಸರ್ವಿಸ್ ಕೇಂದ್ರಕ್ಕೆ ನೇರವಾಗಿ ಕಳಿಸಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಬಿಲ್ಲಿನದೂ ಚೀಟಿಯದೂ ಫೋಟೋ ತೆಗೆದಿಟ್ಟುಕೊಳ್ಳಿ. ಥರ್ಮಲ್ ಕಾಗದದ ಬಿಲ್ಲು ಐದು ವರ್ಷದೊಳಗೆ ಬೆಳ್ಳಗಾಗಿರುತ್ತದೆ. ಸೆಕೆಂಡ್ ಹ್ಯಾಂಡ್ ಎಸ್‌ಎಂಪಿಎಸ್ ಬೇಡ. ಡೆಲ್, ಎಚ್‌ಪಿಯ ಹಳೆಯ ರೀಫರ್ಬಿಶ್ಡ್ ಕಂಪ್ಯೂಟರ್ ಇರುವವರು ಕೊಳ್ಳುವ ಮೊದಲು ಮದರ್‌ಬೋರ್ಡಿನ ಕನೆಕ್ಟರ್ ನೋಡಬೇಕು, ಅವುಗಳಲ್ಲಿ ಅನೇಕಕ್ಕೆ ಸಾಮಾನ್ಯ 24 ಪಿನ್ ಹೊಂದುವುದಿಲ್ಲ. ಬಿಚ್ಚಬಹುದಾದ ಕೇಬಲ್‌ಗಳ ಮಾಡ್ಯುಲರ್ ಮಾದರಿಯಾದರೆ, ಹಳೆಯದರ ಕೇಬಲನ್ನು ಹೊಸದಕ್ಕೆ ಎಂದೂ ಚುಚ್ಚಬೇಡಿ. ಆಕಾರ ಹೊಂದಿದರೂ ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆಯಾಗಿದ್ದು, 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗಿ ಹಾರ್ಡ್ ಡಿಸ್ಕ್ ಸುಡುತ್ತದೆ.

ಮನೆಗೆ ತಂದ ಮೊದಲ ವಾರದಲ್ಲೇ ಕಂಪ್ಯೂಟರಿಗೆ ಪೂರ್ಣ ಭಾರದ ಕೆಲಸ ಕೊಟ್ಟು, ಬಳಸದೆ ಉಳಿದ ನಾಲ್ಕು ಪಿನ್ನಿನ ಕನೆಕ್ಟರಿನ ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದು ನೋಡಿ. ತಂತಿಗಳೆಲ್ಲ ಕಪ್ಪಾಗಿರುವ ಮಾದರಿಯಾದರೆ ಆ ಕನೆಕ್ಟರಿನಲ್ಲಿ ಒಂದು ತುದಿಯದು 12 ವೋಲ್ಟ್, ಇನ್ನೊಂದು ತುದಿಯದು 5, ನಡುವಿನ ಎರಡು ಗ್ರೌಂಡ್. 12 ವೋಲ್ಟ್‌ನದು 11.4ರಿಂದ 12.6ರ ಒಳಗೆ, 5 ವೋಲ್ಟ್‌ನದು 4.75ರಿಂದ 5.25ರ ಒಳಗೆ ನಿಂತಿರಬೇಕು. ಅದರಾಚೆ ಹೋದರೆ, ಅಂಗಡಿಯ ಬದಲಾವಣೆಯ ಅವಧಿ ಮುಗಿಯುವ ಮೊದಲೇ ಬಿಲ್ಲಿನ ಸಮೇತ ಹಿಂದಿರುಗಿಸಿ ಬೇರೆಯದನ್ನು ಪಡೆಯಿರಿ.